ಕೇಳಿಸದ ಸ್ವರಕ್ಕೆ ಒಂದು ಭಾನುವಾರ

ಹಳೆಯ ವಿಎಚ್‌ಎಫ್ ಹ್ಯಾಮ್ (ಹವ್ಯಾಸಿ ರೇಡಿಯೊ) ಸೆಟ್ಟಿಗೆ, ಬೇಡದ ಮಾತು ಸ್ಪೀಕರಿಗೆ ಬರದಂತೆ ತಡೆಯುವ ಸಿಟಿಸಿಎಸ್‌ಎಸ್ ಎಂಬ ಏರ್ಪಾಟಿನ ಚಿಪ್ ಜೋಡಿಸುವುದರಲ್ಲೇ ಈ ಭಾನುವಾರ ಕಳೆಯಿತು. ಮಾತಿನ ಜೊತೆಗೆ 300 ಹರ್ಟ್ಸ್‌ಗಿಂತ ಕೆಳಗಿನ ಒಂದು ಸಣ್ಣ ಸ್ವರವನ್ನು ಬಿಡದೆ ಕಳುಹಿಸುವುದು, ಆ ಸ್ವರ ಬಂದಾಗ ಮಾತ್ರ ಸ್ಪೀಕರನ್ನು ತೆರೆಯುವುದು, ಇಷ್ಟೇ ಅದರ ಕೆಲಸ. ಸ್ವರ ನಮಗೆ ಕೇಳಿಸದಿರುವುದು ಕಿವಿಗೆ ನಿಲುಕದ್ದರಿಂದಲ್ಲ. ರಿಸೀವರಿನ ಫಿಲ್ಟರ್ ಅದನ್ನು ಸೋಸಿಬಿಡುವುದರಿಂದ.

ಯಾವ ಸ್ವರ ಬೇಕೆಂದು ಆರಿಸುವ ಚಿಪ್ಪಿನ ಕೋಡ್ ಪಿನ್ನುಗಳನ್ನು ಮೊದಲು 100.0 ಹರ್ಟ್ಸ್‌ಗೆ ಹೊಂದಿಸಿದ್ದೆ. ಯಾರೂ ಮಾತನಾಡದಿದ್ದರೂ ಸ್ಪೀಕರ್ ಆಗಾಗ ತೆರೆದುಕೊಳ್ಳುತ್ತಿತ್ತು. ನಮ್ಮ ಮನೆಯ ಕರೆಂಟು 50 ಹರ್ಟ್ಸಿನದು, ಪವರ್ ಸಪ್ಲೈಯಲ್ಲಿ ಅದು ಡಿಸಿ ಆಗುವಾಗ ಉಳಿಯುವ ಗುಂಯ್ ಸದ್ದು ಸರಿಯಾಗಿ ಅದರ ಎರಡರಷ್ಟು ಎಂಬುದು ಹೊಳೆಯಲು ಎರಡು ಲೋಟ ಕಾಫಿ ಬೇಕಾಯಿತು. 88.5ಕ್ಕೆ ಬದಲಿಸಿದ ಮೇಲೆ ಸೆಟ್ ಸುಮ್ಮನಾಯಿತು.

ಹೀಗೆ ಆರಿಸಬಹುದಾದ ಸ್ವರಗಳಲ್ಲಿ 67.0 ಮತ್ತು 69.3ರ ನಡುವೆ ಇರುವ ಅಂತರ ಕೇವಲ 2.3 ಹರ್ಟ್ಸ್. ಇಷ್ಟು ಹತ್ತಿರದ ಸ್ವರಗಳನ್ನು ಬೇರ್ಪಡಿಸಲು ಚಿಪ್ಪಿಗೆ ಸೆಕೆಂಡಿನ ಒಂದಷ್ಟು ಭಾಗ ಬೇಕು. ಗುಂಡಿ ಒತ್ತಿದೊಡನೆ ಮಾತು ಶುರುಮಾಡಿದರೆ ಮೊದಲ ಅಕ್ಷರಗಳು ನುಂಗಿಹೋಗುವುದು ಅದಕ್ಕೇ. ನನ್ನ 'ನಮಸ್ಕಾರ' ಇಷ್ಟು ದಿನ ಗೆಳೆಯರಿಗೆ 'ಸ್ಕಾರ' ಎಂದೇ ತಲುಪುತ್ತಿತ್ತಂತೆ, ನಾನು ಅದನ್ನು ಮೈಕಿನ ದೋಷವೆಂದು ಬಗೆದು ಎರಡು ಮೈಕು ಬದಲಿಸಿದ್ದೆ.

ಈ ಸ್ವರದ ಏರ್ಪಾಟಿಗೆ ಮೋಟೊರೋಲಾ ಕಂಪನಿ ಇಟ್ಟ ಹೆಸರು 'ಪ್ರೈವೇಟ್ ಲೈನ್'. ಆದರೆ ಸ್ವರದ ಕಾವಲು ತೆಗೆದ ಯಾವ ಸೆಟ್ಟಿಗಾದರೂ ಎಲ್ಲ ಮಾತೂ ಕೇಳಿಸುತ್ತದೆ. ಖಾಸಗಿಯಾಗುವುದು ಮಾತಲ್ಲ, ನಮ್ಮ ಕಿವಿ ಮಾತ್ರ.