ಕೆಂಚನ ಕಾಲು ಮತ್ತು ಬಚ್ಚಲ ಒಲೆಯ ಮೊಟ್ಟೆ

ನಮ್ಮ ನಾಯಿಮರಿ ಕೆಂಚನ ಮುಂಗಾಲು ಸೊಟ್ಟಗಾಗಿರುವುದನ್ನು ಮೊದಲು ನೋಡಿದ್ದು ನಾವಲ್ಲ, ಹಾಲಿನವನು. "ಅಕ್ಕಾ, ನಿಮ್ಮ ಮರಿ ಹಳೇ ಮೇಜಿನ ಥರ ಕಾಲು ಅಗಲಿಸ್ಕೊಂಡು ನಿಂತಿದೆ ನೋಡಿ" ಅಂದ. ನಾವೆಲ್ಲ ನಕ್ಕೆವು. ಒಂದೇ ವಾರಕ್ಕೆ ಕೆಂಚ ಜಗಲಿಯ ಎರಡು ಮೆಟ್ಟಿಲು ಹತ್ತುವುದನ್ನೇ ಬಿಟ್ಟ. ಆಮೇಲೆ ಯಾರೂ ನಗಲಿಲ್ಲ.

ಆಗ ಅವನಿಗೆ ನಾಲ್ಕು ತಿಂಗಳು, ತೂಕ 5 ಕೆಜಿ. ತಿಪಟೂರಿನ ಬೀದಿಯಲ್ಲೇ ಸಿಕ್ಕ ಮರಿ. ಡಾಕ್ಟರು ಕಾಲು ಹಿಸುಕಿ ನೋಡಿ, "ಏನು ಹಾಕ್ತೀರಮ್ಮಾ?" ಅಂತ ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ: ಬೆಳಿಗ್ಗೆ ಒಂದು ಲೋಟ ಹಾಲು, ಮಧ್ಯಾಹ್ನ ರಾತ್ರಿ ಹೊಟ್ಟೆ ತುಂಬ ಮಜ್ಜಿಗೆ ಅನ್ನ, ಮಧ್ಯೆ ಬಿಸ್ಕೆಟ್. "ಹೊಟ್ಟೆ ತುಂಬಿದೆ, ಮೂಳೆಗೆ ಏನೂ ಸಿಕ್ಕಿಲ್ಲ" ಅಂದರು.

ನನಗೆ ಕೋಪ ಬಂತು. ಹಾಲು ಕೊಟ್ಟಿದ್ದೀನಲ್ವಾ? ಅವರು ಚೀಟಿ ತಿರುಗಿಸಿ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಬೆಳೆಯುವ ಮರಿಗೆ 1,000 ಕ್ಯಾಲೊರಿ ಊಟಕ್ಕೆ ಸುಮಾರು 3 ಗ್ರಾಂ ಕ್ಯಾಲ್ಸಿಯಂ ಇರಬೇಕು. ಕೆಂಚ ತಿನ್ನುವುದು ಹೆಚ್ಚು ಕಡಿಮೆ 600 ಕ್ಯಾಲೊರಿ, ಅಂದರೆ ದಿನಕ್ಕೆ 1.8 ಗ್ರಾಂ. 100 ಮಿಲಿ ಹಾಲಿನಲ್ಲಿ ಇರುವುದು 120 ಮಿಲಿಗ್ರಾಂ. ಬರೀ ಹಾಲಿನಿಂದಲೇ ಪೂರೈಸಬೇಕಾದರೆ ಒಂದೂವರೆ ಲೀಟರ್ ಕುಡಿಸಬೇಕು! ಅನ್ನದಲ್ಲಂತೂ ಕ್ಯಾಲ್ಸಿಯಂ ಹುಡುಕಿದರೂ ಸಿಗಲ್ಲ.

"ದಿನಾ ಬಿಸಿಲಲ್ಲಿ ಕಟ್ಟಿ ಹಾಕ್ತೀನಿ ಸಾರ್, ವಿಟಮಿನ್ ಡಿ ಬರಲಿ ಅಂತ" ಅಂದೆ. ಅದಕ್ಕೂ ನಕ್ಕರು. ನಮ್ಮ ಚರ್ಮ ಬಿಸಿಲಿನಿಂದ ಡಿ ತಯಾರಿಸುತ್ತದೆ, ನಾಯಿಯ ಚರ್ಮಕ್ಕೆ ಆ ಕೆಲಸ ಸರಿಯಾಗಿ ಬರಲ್ಲ. ಅದಕ್ಕೆ ಡಿ ಊಟದಿಂದಲೇ ಸಿಗಬೇಕು: ಮೊಟ್ಟೆಯ ಹಳದಿ, ಮೀನು, ಲಿವರ್. ಪಾಪ, ಎರಡು ತಿಂಗಳು ಸುಮ್ನೆ ಒಣಗಿಸಿದ್ದೆ ಅವನನ್ನ.

ಮೊಟ್ಟೆ ಅನ್ನುವ ಮಾತು ಮನೆಗೆ ಬಂದಾಗ ಅಸಲಿ ಕಥೆ ಶುರು. ನಮ್ಮದು ಮೊಟ್ಟೆ ಕೂಡ ಬಾರದ ಮನೆ. ಅತ್ತೆ ಎರಡು ದಿನ ಏನೂ ಮಾತಾಡಲಿಲ್ಲ. ಮೂರನೇ ದಿನ, "ಬಚ್ಚಲ ಒಲೆಯಲ್ಲಿ ಬೇಯಿಸ್ಕೋ. ನನ್ನ ಪಾತ್ರೆ ಮುಟ್ಟಬೇಡ" ಅಂದರು. ಅಷ್ಟೇ ಸಾಕಾಗಿತ್ತು. ಸಂತೆಯಿಂದ ಒಂದು ಅಲ್ಯೂಮಿನಿಯಂ ಡಬರಿ ತಂದೆ. ಸ್ನಾನದ ನೀರು ಕಾಯಿಸಿದ ಮೇಲೆ ಒಲೆಯಲ್ಲಿ ಕರಟದ ಕೆಂಡ ಇನ್ನೂ ಕೆಂಪಗಿರುತ್ತದೆ. ಅದರ ಮೇಲೆ ಡಬರಿ ಇಟ್ಟರೆ ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಮೊಟ್ಟೆ ಬೆಂದಿರುತ್ತದೆ. ಹಸಿ ಬೇಡ, ಬೇಯಿಸಿಯೇ ಕೊಡಿ. ಹಸಿ ಬಿಳಿ ಭಾಗದಲ್ಲಿರುವ ಅವಿಡಿನ್ ಅನ್ನುವ ಪ್ರೋಟೀನ್, ಬಯೋಟಿನ್ ಅನ್ನುವ ವಿಟಮಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮೊಟ್ಟೆ ಬರೀ ಡಿ ವಿಟಮಿನ್ನಿಗಲ್ಲ. ನೀರಿನಂಶ ತೆಗೆದು ಲೆಕ್ಕ ಹಾಕಿದರೆ ಮರಿಯ ಊಟದಲ್ಲಿ ಕನಿಷ್ಠ 22.5% ಪ್ರೋಟೀನ್ ಇರಬೇಕು, ಬೆಳೆದ ನಾಯಿಗೆ 18%. ಅಕ್ಕಿಯಲ್ಲಿ ಇರುವುದು ಏಳೆಂಟು. ಪ್ರೋಟೀನ್ ಕಟ್ಟುವ ಇಟ್ಟಿಗೆಗಳು ಅಮೈನೋ ಆಮ್ಲಗಳು; ಅದರಲ್ಲಿ ನಾಯಿಯ ಮೈ ತಾನೇ ಮಾಡಿಕೊಳ್ಳಲಾಗದವು ಹತ್ತು. ಅವೆಲ್ಲ ಒಂದು ಮೊಟ್ಟೆಯಲ್ಲೇ ಇವೆ.

ಹಾಗಂತ ಮಾಂಸ ಹಾಕುವವರು ಬೀಗಬೇಕಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಮೂಳೆ ಇಲ್ಲದ ಚಿಕನ್ ಮಾತ್ರ ಹಾಕುತ್ತಿದ್ದರು. ಅವರ ಮರಿಗೂ ಇದೇ ಪಾಡು. ಮಾಂಸದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ತೀರಾ ಕಮ್ಮಿ. ರಂಜಕ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಒಂದರಿಂದ ಎರಡು ಪಾಲು ಇರಬೇಕು. ಇಲ್ಲದಿದ್ದರೆ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳುತ್ತದೆ.

ರಾಗಿ ಇದೆಯಲ್ಲ ಅಂತ ನಾನೂ ವಾದ ಮಾಡಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಿಜ. ಆದರೆ ಅದರಲ್ಲಿರುವ ಫೈಟೇಟ್ ಅನ್ನುವ ಅಂಶ ಆ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತಲು ಬಿಡಲ್ಲ. ರಾಗಿ ಅಂಬಲಿ ಈಗಲೂ ಕೊಡ್ತೀನಿ, ಔಷಧಿ ಅಂತ ಅಲ್ಲ.

ಡಾಕ್ಟರು ಹೇಳಿದಂತೆ ಮೊದಲು ಮರಿಗಳ ಪ್ಯಾಕೆಟ್ ಆಹಾರ ಶುರು ಮಾಡಿದೆವು. ಆಮೇಲೆ ಅವರನ್ನು ಕೇಳಿಕೊಂಡೇ ಮನೆ ಊಟಕ್ಕೆ ಮೊಟ್ಟೆ ಸಿಪ್ಪೆಯ ಪುಡಿ ಸೇರಿಸಿದೆ. ತೊಳೆದು, ಬಾಣಲೆಯಲ್ಲಿ ಹುರಿದು, ಕುಟ್ಟಿ ಜರಡಿ ಹಿಡಿದರೆ 1 ಗ್ರಾಂ ಪುಡಿಯಲ್ಲಿ ಹತ್ತಿರ ಹತ್ತಿರ 380 ಮಿಲಿಗ್ರಾಂ ಕ್ಯಾಲ್ಸಿಯಂ. ಕಣ್ಣಂದಾಜಲ್ಲಿ ಸುರಿಯಬೇಡಿ. ದೊಡ್ಡ ಜಾತಿಯ ಮರಿಗಳಿಗೆ ಕ್ಯಾಲ್ಸಿಯಂ ಹೆಚ್ಚಾದರೂ ಮೂಳೆ ಕೆಡುತ್ತದೆ.

ಇನ್ನೊಂದು ಪೆಟ್ಟು ನಮ್ಮ ಕೊಬ್ಬರಿ ಎಣ್ಣೆಗೆ ಬಿತ್ತು. ಕೂದಲು ಮಂಕಾಗಿದೆ ಅಂತ ಅತ್ತೆ ಅನ್ನಕ್ಕೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದರು. ನಾಯಿಗೆ ಬೇಕೇ ಬೇಕಾದ ಕೊಬ್ಬಿನಂಶ ಲಿನೊಲಿಕ್ ಆಮ್ಲ. ಕೊಬ್ಬರಿ ಎಣ್ಣೆಯಲ್ಲಿ ಅದು ಇಲ್ಲವೆನ್ನುವಷ್ಟು ಕಮ್ಮಿ, ಕಡಲೆಕಾಯಿ ಎಣ್ಣೆಯಲ್ಲಿ ಚೆನ್ನಾಗಿದೆ. ತಿಪಟೂರಿನಲ್ಲಿ ಕೂತು ಇದನ್ನ ಬರೆಯೋಕೆ ಧೈರ್ಯ ಬೇಕು! ಈರುಳ್ಳಿ ಹಾಕಿದ ಸಾಂಬಾರ್ ಅನ್ನವನ್ನೂ ನಿಲ್ಲಿಸಿದೆವು, ಅದು ನಾಯಿಯ ರಕ್ತಕಣ ಒಡೆಯುತ್ತದೆ.

ಮೂರು ತಿಂಗಳಾಗಿದೆ. ಬಲಗಾಲು ನೆಟ್ಟಗಾಗಿದೆ, ಎಡಗಾಲು ಇನ್ನೂ ಸ್ವಲ್ಪ ಹೊರಗೆ ತಿರುಗಿದೆ. ಮೆಟ್ಟಿಲು ಒಂದೇ ನೆಗೆತ. ನಿನ್ನೆ ನಾನು ಸ್ನಾನಕ್ಕೆ ತಡ ಮಾಡಿದಾಗ ಹಿತ್ತಲಿನಿಂದ ಅತ್ತೆಯ ಕೂಗು: "ಲೇ, ಕೆಂಡ ಆರ್ತಿದೆ. ಇವನ ಡಬರಿ ಎಲ್ಲಿಟ್ಟಿದ್ದೀಯೇ?"