ಗ್ಯಾಸ್, ಕರೆಂಟನ್ನು ಸರ್ಕಾರವೇ ನಡೆಸಿದರೆ ನಿಮ್ಮ ಮನೆಯ ಹೀಟಿಂಗ್ ಬಿಲ್ ಇಳಿಯುತ್ತದೆಯೇ?

ಚಳಿಗಾಲದಲ್ಲಿ ಊರಿಗೆ ಫೋನ್ ಮಾಡಿದಾಗಲೆಲ್ಲ ಚಿಕ್ಕಪ್ಪ ಇದನ್ನೇ ಕೇಳುತ್ತಾರೆ. ಅವರು ಕೆಇಬಿಯಲ್ಲಿ ದುಡಿದು ನಿವೃತ್ತರಾದವರು. ಮಂಡಳಿ ಹೋಗಿ ಕೆಪಿಟಿಸಿಎಲ್ ಬಂತು, ಅದು ಒಡೆದು ಬೆಸ್ಕಾಂ, ಹೆಸ್ಕಾಂ ಆಯಿತು. ಅವರ ಬಾಯಲ್ಲಿ ಮಾತ್ರ ಇಂದಿಗೂ ಕೆಇಬಿಯೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ನಮ್ಮ ಮನೆಯ ಗ್ಯಾಸ್ ಬಿಲ್ಲನ್ನು ರೂಪಾಯಿಗೆ ಪರಿವರ್ತಿಸಿ ಹೌಹಾರಿ, "ಅಲ್ಲಪ್ಪಾ, ಅಲ್ಲಿನ ಸರ್ಕಾರ ಗ್ಯಾಸ್, ಕರೆಂಟ್ ಕಂಪನಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಬಾರದೇ?" ಎನ್ನುತ್ತಾರೆ. ಇಲ್ಲಿಗೆ ಓದಲು ಬಂದು, ಕೋಣೆಯೊಳಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕುಳಿತಿರುವ ಕನ್ನಡದ ಹುಡುಗರದೂ ಇದೇ ಪ್ರಶ್ನೆ.

ತೆಗೆದುಕೊಳ್ಳಲಿ ಎನ್ನುವವನೇ ನಾನು. ಆದರೆ ಯಾವುದನ್ನು ಎಂದು ಮೊದಲು ಕೇಳುತ್ತೇನೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ ವಿದ್ಯುತ್ತೂ 1949ರಲ್ಲಿ ಗ್ಯಾಸೂ ಇಲ್ಲಿ ಸರ್ಕಾರದ ಕೈ ಸೇರಿದ್ದವು. ಪ್ರಧಾನಿ ಥ್ಯಾಚರ್ ಕಾಲದ ನಿರ್ಧಾರದಂತೆ ಎರಡೂ ಮಾರಾಟವಾದವು. 1986ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಗ್ಯಾಸ್ ಷೇರು ತಲಾ 135 ಪೆನ್ಸ್‌ಗೆ ಜನರಿಗೆ ಹೋಯಿತು. ಸಿಡ್ ಎಂಬವನು ಕಂಡರೆ ಅವನಿಗೂ ತಿಳಿಸಿ ಎನ್ನುವ ಜಾಹೀರಾತು ಆಗ ಮನೆಮಾತಾಗಿತ್ತು. 1990ರಿಂದ ವಿದ್ಯುತ್ತಿನ ಸರದಿ. ಸರ್ಕಾರಕ್ಕೆ ವ್ಯಾಪಾರ ಗೊತ್ತಿಲ್ಲ ಎಂಬುದು ಅಂದಿನ ವಾದ. ಈಗ ಮಾಲೀಕರ ಪಟ್ಟಿ ತೆಗೆದರೆ ನಗು ಬರುತ್ತದೆ. ಇಲ್ಲಿನ ಲಕ್ಷಾಂತರ ಮನೆಗಳಿಗೆ ಕರೆಂಟ್ ಮಾರುವ ಇಡಿಎಫ್, ಫ್ರಾನ್ಸ್ ಸರ್ಕಾರದ ಆಸ್ತಿ. ನಮ್ಮ ಬೀದಿಯ ನೆಲದಡಿಯ ಗ್ಯಾಸ್ ಕೊಳವೆಗಳ ಒಡೆಯ ಕ್ಯಾಡೆಂಟ್. ಅದನ್ನು ಕೊಂಡ ಹೂಡಿಕೆದಾರರ ಕೂಟದಲ್ಲಿ ಚೀನಾದ ಮತ್ತು ಕತಾರಿನ ಸರ್ಕಾರಿ ನಿಧಿಗಳೂ ಇದ್ದವು. ಸರ್ಕಾರಿ ಒಡೆತನ ಇಲ್ಲಿ ಧಾರಾಳವಾಗಿಯೇ ಇದೆ, ಆದರೆ ಆ ಸರ್ಕಾರಗಳು ಬೇರೆಯವು.

ಬಿಲ್ ಕಳಿಸುವ ಕಂಪನಿಯನ್ನೇ ಎಲ್ಲರೂ ಬೈಯುತ್ತಾರೆ. ಅದು ಬರೀ ಅಂಗಡಿ. ಮಂಡಿಯಲ್ಲಿ ಸಗಟು ಕೊಂಡು ಚಿಲ್ಲರೆ ಮಾರುತ್ತದೆ, ಅಷ್ಟೆ. ನಮ್ಮ ನಗರಪಾಲಿಕೆಯೇ 2015ರಲ್ಲಿ ಅಂಥದೊಂದು ಅಂಗಡಿ ತೆರೆದು, ಲಾಭ ಬೇಡ, ಬಡವರ ಬಿಲ್ ಇಳಿಯಲಿ ಎಂದು ಅದಕ್ಕೆ ಊರಿನ ದಂತಕಥೆಯ ನಾಯಕ ರಾಬಿನ್ ಹುಡ್‌ನ ಹೆಸರನ್ನೇ ಇಟ್ಟಿತು. ಐದು ವರ್ಷಗಳಲ್ಲಿ ರಾಬಿನ್ ಹುಡ್ ಎನರ್ಜಿ ಬಾಗಿಲು ಹಾಕಿತು. ಗ್ರಾಹಕರು ಬ್ರಿಟಿಷ್ ಗ್ಯಾಸ್ ಪಾಲಾದರು. ಊರಿನ ಬೊಕ್ಕಸಕ್ಕೆ ಸುಮಾರು 3.8 ಕೋಟಿ ಪೌಂಡ್ ಕೈಬಿಟ್ಟಿತು. ಉಳ್ಳವರನ್ನು ದೋಚಬೇಕಾದ ರಾಬಿನ್ ಹುಡ್ ಕೊನೆಗೆ ದೋಚಿದ್ದು ನಮ್ಮ ಗ್ರಂಥಾಲಯ, ಬಸ್ಸುಗಳಿಗೆ ಹೋಗಬಹುದಾಗಿದ್ದ ದುಡ್ಡನ್ನು. ಖಾಸಗಿಯವರೇನೂ ಮೇಲಲ್ಲ. 2021ರಲ್ಲಿ ಸಗಟು ಬೆಲೆ ಏರಿದಾಗ ಅಂಥ ಕಂಪನಿಗಳು ಸಾಲಾಗಿ ಮುಳುಗಿದವು. ನನ್ನದೂ ಮುಳುಗಿತು. ಒಂದು ಬೆಳಿಗ್ಗೆ ಇಮೇಲ್, ಮರುವಾರ ಬೇರೊಂದು ಕಂಪನಿಯ ಬಿಲ್. ಬಾಯ್ಲರ್‌ಗೆ ಅದು ಗೊತ್ತೇ ಆಗಲಿಲ್ಲ. ಅಂಗಡಿ ಯಾರದಾದರೇನು ಎಂದು ನನಗೆ ಅನ್ನಿಸಿದ್ದು ಅಂದೇ.

ಕೊಳವೆ, ತಂತಿಗಳ ಮಾತು ಬೇರೆ. ಒಂದು ಬೀದಿಗೆ ಎರಡು ಗ್ಯಾಸ್ ಕೊಳವೆ ಹಾಕುವವರಿಲ್ಲ, ಹಾಗಾಗಿ ಅಲ್ಲಿ ಪೈಪೋಟಿ ಎಂಬುದೇ ಇಲ್ಲ. ಎಷ್ಟು ಆದಾಯ ಪಡೆಯಬಹುದೆಂದು ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಗೊತ್ತುಪಡಿಸುತ್ತದೆ, ಅದು ಬಂದೇ ಬರುತ್ತದೆ. ಒಂದು ಯೂನಿಟ್ಟನ್ನೂ ಉರಿಸದಿದ್ದರೂ ದಿನದಿನವೂ ಬೀಳುವ ಸ್ಟ್ಯಾಂಡಿಂಗ್ ಚಾರ್ಜ್‌ನಲ್ಲಿ ಇದರ ಪಾಲು ದೊಡ್ಡದು. ಸರ್ಕಾರ ಕೈಗೆ ತೆಗೆದುಕೊಳ್ಳಬೇಕಾದದ್ದು ಇದನ್ನು ಎಂದು ನನಗನ್ನಿಸುತ್ತದೆ. ಆದರೂ ಬಿಲ್ ಅರ್ಧಕ್ಕಿಳಿಯುವುದಿಲ್ಲ, ಕೆಲವು ಪೌಂಡ್ ಉಳಿದೀತು.

ಏಕೆಂದರೆ ಮೂಲ ಪೆಟ್ಟು ಬೀಳುವುದು ಗ್ಯಾಸಿನ ಬೆಲೆಯಿಂದ. ಇಲ್ಲಿ ಹತ್ತರಲ್ಲಿ ಎಂಟು ಮನೆಗಳು ಗ್ಯಾಸ್ ಬಾಯ್ಲರ್‌ನಿಂದಲೇ ಬೆಚ್ಚಗಾಗುವುದು. ವಿದ್ಯುತ್ತಿನ ಸಗಟು ದರವನ್ನೂ ಬಹುಪಾಲು ಹೊತ್ತು ಗ್ಯಾಸ್ ಸ್ಥಾವರಗಳೇ ನಿರ್ಧರಿಸುತ್ತವೆ. 2021ರ ಅಕ್ಟೋಬರ್‌ನಲ್ಲಿ ಸಾಮಾನ್ಯ ಮನೆಯ ವಾರ್ಷಿಕ ಬಿಲ್ಲಿಗೆ ಆಫ್‌ಜೆಮ್ ಹಾಕಿದ್ದ ಮಿತಿ 1,277 ಪೌಂಡ್. ಉಕ್ರೇನ್ ಯುದ್ಧ ಶುರುವಾದ ನಂತರ, 2022ರ ಅಕ್ಟೋಬರ್‌ಗೆ ಅದು 3,549 ಎಂದು ಪ್ರಕಟವಾಯಿತು. ಸರ್ಕಾರ ತನ್ನ ದುಡ್ಡು ಸುರಿದು ಅದನ್ನು 2,500ರ ಸುಮಾರಿಗೆ ತಡೆಯಿತು. ಫ್ರಾನ್ಸ್ ಆ ವರ್ಷ ಕರೆಂಟಿನ ದರವನ್ನು ಶೇ 4ಕ್ಕಿಂತ ಹೆಚ್ಚು ಏರಗೊಡಲಿಲ್ಲ. ಹುಡುಗರು ಇದನ್ನೇ ಎತ್ತಿ ತೋರಿಸುತ್ತಾರೆ. ನಿಜ, ಒಡೆತನ ಕೈಯಲ್ಲಿದ್ದರೆ ಆಜ್ಞೆ ಮಾಡುವುದು ಸುಲಭ. ಆದರೆ ಅದೇ ವರ್ಷ ಇಡಿಎಫ್ 1,790 ಕೋಟಿ ಯೂರೊ ನಷ್ಟ ತೋರಿಸಿತು. ಅದರ ಅಣುಸ್ಥಾವರಗಳ ಕೊಳವೆಗಳು ಬಿರುಕು ಬಿಟ್ಟದ್ದೂ ಒಂದು ಕಾರಣ, ದರಕ್ಕೆ ಹಾಕಿದ ಲಗಾಮೂ ಒಂದು ಕಾರಣ. ನಮ್ಮ ಗೃಹಜ್ಯೋತಿಯ ಉಚಿತ ಯೂನಿಟ್‌ಗಳ ಹಾಗೆ, ಮನೆಯವರ ಜೇಬು ಉಳಿದರೆ ತೆರಿಗೆಯ ಜೇಬು ಖಾಲಿಯಾಗುತ್ತದೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ.

ಒಡೆತನದ ನಿಜವಾದ ಫಲ ಉಂಡವರು ನಾರ್ವೆಯವರು. ಬ್ರಿಟನ್ನಿಗೆ ಗ್ಯಾಸ್ ಮಾರುವ ಇಕ್ವಿನಾರ್‌ನಲ್ಲಿ ಆ ಸರ್ಕಾರದ ಪಾಲು ಶೇ 67. ನಾವು ದುಬಾರಿ ಬಿಲ್ ಕಟ್ಟಿದ ಚಳಿಗಾಲದಲ್ಲಿ ಅವರ ಖಜಾನೆ ತುಂಬಿತು. ಅದೇ ಉತ್ತರ ಸಮುದ್ರದಲ್ಲಿ ಬ್ರಿಟನ್ನಿಗೂ ತನ್ನದೇ ತೈಲ ನಿಗಮವಿತ್ತು, 1980ರ ದಶಕದಲ್ಲಿ ಅದನ್ನೂ ಮಾರಿಕೊಂಡಿತು.

2024ರಲ್ಲಿ ಬಂದ ಸರ್ಕಾರ ಸ್ಕಾಟ್‌ಲೆಂಡಿನ ಅಬರ್ಡೀನ್‌ನಲ್ಲಿ ಗ್ರೇಟ್ ಬ್ರಿಟಿಷ್ ಎನರ್ಜಿ ಎಂಬ ಸರ್ಕಾರಿ ಕಂಪನಿ ತೆರೆದಿದೆ. ಅದಕ್ಕೆ ಫೋನ್ ಮಾಡಿ ಕನೆಕ್ಷನ್ ಕೇಳಲು ಬರುವುದಿಲ್ಲ. ಗಾಳಿ, ಬಿಸಿಲಿನ ವಿದ್ಯುತ್ತಿಗೆ ಬಂಡವಾಳ ಹಾಕುವುದು ಅದರ ಕೆಲಸ. ಗ್ಯಾಸಿನ ಹಿಡಿತ ಸಡಿಲಿಸುವ ದಾರಿ ಅದೇ ಆದ್ದರಿಂದ ಹಂಗಿಸಲು ನನಗೆ ಮನಸ್ಸಿಲ್ಲ, ಆದರೆ ಈ ಜನವರಿಯ ಬಿಲ್ಲಿಗೆ ಅದು ಮದ್ದಲ್ಲ.

ಇಷ್ಟನ್ನೂ ಕಳೆದ ವಾರ ಚಿಕ್ಕಪ್ಪನಿಗೆ ಹೇಳಿದೆ. ನಮ್ಮದು ನೂರು ವರ್ಷ ಹಳೆಯ ಇಟ್ಟಿಗೆ ಮನೆ, ಗೋಡೆಯೊಳಗೆ ಶಾಖ ಹಿಡಿದಿಡುವ ಪದರವೇ ಇಲ್ಲ, ಉರಿಸಿದ್ದು ಗೋಡೆಯಿಂದಲೂ ಕಿಟಕಿಯ ಸಂದಿಯಿಂದಲೂ ಬೀದಿಗೆ ಹೋಗುತ್ತದೆ ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅದು ಲೈನ್ ಲಾಸ್," ಎಂದರು. ದಾರಿಯಲ್ಲೇ ಸೋರಿಹೋಗುವ ಕರೆಂಟಿಗೆ ಕೆಇಬಿಯವರ ಮಾತದು. "ಅದನ್ನು ಮೊದಲು ಸರಿಮಾಡಿಸು."

ಗೋಡೆಗೆ ಪದರ ಹಾಕಿಸಲು ಎಷ್ಟಾಗುತ್ತದೆಂದು ಕೇಳಿದರು. ಹೇಳಿದೆ. ಅದನ್ನೂ ರೂಪಾಯಿಗೆ ಪರಿವರ್ತಿಸಿ ಮತ್ತೆ ಹೌಹಾರಿದರು.