ಏಳು ಚಾಪೆಯಲ್ಲಿ ಐದು ಖಾಲಿ

ಮಾರ್ಚ್‌ನಲ್ಲಿ ನಮ್ಮನೆ ಡೇಕೇರ್‌ನಲ್ಲಿ ಏಳು ಮಕ್ಕಳಿದ್ದರು. ಈಗ ಇಬ್ಬರೇ. ಬಳ್ಳಾರಿ ಬಿಸಿಲಿಗೆ ಮೂವರು ಅಜ್ಜಿ ಊರು ಸೇರಿದರು, ಇನ್ನಿಬ್ಬರು ಜೂನ್‌ಗೆ ಎಲ್‌ಕೆಜಿ. ಮಂಚದ ಕೆಳಗೆ ಒಂದು ಪುಟಾಣಿ ಚಪ್ಪಲಿ ಇನ್ನೂ ಬಿದ್ದಿದೆ, ಎಡಗಾಲಿನದು. ತೆಗೆದಿಡೋಕೆ ಮನಸ್ಸೇ ಬರ್ತಿಲ್ಲ.

ಹೋದ ವರ್ಷ ಪಾಂಪ್ಲೆಟ್ ಮಾಡಿಸಿ ಪೇಪರ್ ಜೊತೆ ಹಂಚಿಸಿದ್ದೆ. ಬಂದದ್ದು ಒಂದೇ ಫೋನ್. ಅದೂ ‘ಟ್ಯೂಷನ್ ಇದೆಯಾ?’ ಅಂತ! ಆ ದುಡ್ಡಿಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದಿದ್ದರೂ ಹೊಟ್ಟೆಯಾದರೂ ತುಂಬುತ್ತಿತ್ತು.

ಹೊಸ ಮಕ್ಕಳು ಎಲ್ಲಿಂದ ಸಿಗ್ತಾರೆ ಅಂತ ಈ ಸಲ ಸ್ವಲ್ಪ ಲೆಕ್ಕ ಹಾಕಿದೆ. ಅಂಗನವಾಡಿಯಲ್ಲಿ ಮಕ್ಕಳು ಕೂರೋದು 3 ವರ್ಷ ತುಂಬಿದ ಮೇಲೆ. ಆಫೀಸ್ ಕೆಲಸದಲ್ಲಿರುವ ತಾಯಂದಿರಿಗೆ ಹೆರಿಗೆ ರಜೆ ಸಾಮಾನ್ಯವಾಗಿ 26 ವಾರದವರೆಗೆ. ಅಂದ್ರೆ ಕೂಸಿಗೆ ಆರು ತಿಂಗಳು ಆಗೋ ಹೊತ್ತಿಗೆ ಆಫೀಸ್ ಕರೆಯುತ್ತೆ. ಮಗುವನ್ನ ಯಾರ ಹತ್ರ ಬಿಡೋದು ಅನ್ನೋ ಚಿಂತೆ ಶುರುವಾಗೋದೇ ಆಗ. ಹಾಗಾಗಿ ಲಸಿಕೆ ಹಾಕಿಸೋ ದಿನ ಕ್ಯೂನಲ್ಲಿ ಕೂತ ತಾಯಂದಿರ ಜೊತೆ ಸುಮ್ನೆ ಮಾತಿಗಿಳಿದೆ. ಶಿಫ್ಟ್ ಮಾಡುವ ನರ್ಸ್‌ಗಳಿಗೂ ಹೇಳಿದೆ. ಜೀನ್ಸ್ ಹೊಲಿಯುವ ಹೆಣ್ಣುಮಕ್ಕಳಿಗೆ ತಿಂಗಳ ಫೀಸ್ ಒಟ್ಟಿಗೆ ಕಷ್ಟ, ವಾರವಾರ ಕೊಡಿ ಅಂದೆ. ಹಳೇ ತಾಯಂದಿರ ಬಾಯಿಮಾತು ಮಾತ್ರ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುತ್ತೆ, ಅದಂತೂ ಖರೆ.

ನಿನ್ನೆ ಒಬ್ಬರು ಬಂದಿದ್ದರು. ಆಟಿಕೆ ಕಡೆ ನೋಡಲೇ ಇಲ್ಲ. ಸೀದಾ ಬಚ್ಚಲು ನೋಡಿದರು, ಆಮೇಲೆ ಗೇಟಿನ ಚಿಲಕ ಎಳೆದು ನೋಡಿದರು. ‘ಸೋಮವಾರ ಬರ್ತೀವಿ’ ಅಂದರು.